ಅನ್ನಾಯಿಗ್ ಹಿಡಿದ ಚುಕ್ಕಾಣಿ

ಅನ್ನಾಯಿಗ್ ಫ್ರಾನ್ಸಿನ ಬ್ರಿಟನಿ ಸೀಮೆಯ ಮೀನುಗಾರರ ಊರಿನಲ್ಲೇ ಹುಟ್ಟಿ ಬೆಳೆದರೂ ಸಮುದ್ರಕ್ಕೆ ಇಳಿದವಳಲ್ಲ. ಹೆಂಗಸರ ಕೂದಲು ಕತ್ತರಿಸುವುದು ಅವಳ ಕಸುಬು. ನೀರಿನ ಹುಚ್ಚೇನಿದ್ದರೂ ಗಂಡ ಗುಲ್ವೆನ್‌ನದು. ದೋಣಿ ಕಟ್ಟುವ ಬಡಗಿಯಾಗಿದ್ದ ಅವನಿಗೆ ಊಟಕ್ಕೆ ಕೂತರೆ ಹಾಯಿಯ ಮಾತು, ಮಲಗಿದರೆ ದ್ವೀಪಗಳ ಮಾತು. ವರ್ಷಗಟ್ಟಲೆ ಕೇಳಿ ಸಾಕಾಗಿ ಒಂದು ದಿನ ಅವಳು, ಹೋಗಿಯೇ ಬಿಡೋಣ, ಆಮೇಲಾದರೂ ಸುಮ್ಮನಿರುತ್ತೀಯ ಎಂದಳು. ಮನೆ ಮಾರಿ ‘ಸ್ಕ್ರಾವಿಕ್’ ಎಂಬ ಹಳೆಯ ಹಾಯಿದೋಣಿ ಕೊಂಡರು. ಮಗಳು ಎನೋರಾ ಆಗಿನ್ನೂ ತೊದಲು ಮಾತಿನ ಕೂಸು.

ಅಟ್ಲಾಂಟಿಕ್ ದಾಟುವಷ್ಟು ದಿನವೂ ಅನ್ನಾಯಿಗ್ ಬಕೆಟ್ ತಬ್ಬಿಕೊಂಡೇ ಇದ್ದಳು. ಪೆಸಿಫಿಕ್ಕಿಗೆ ಬಂದು ತುವಾಮೋತು ಹವಳದ್ವೀಪಗಳ ನಡುವೆ ತಿರುಗಾಡತೊಡಗಿದ ಮೇಲೆ ಹೊಟ್ಟೆ ತಹಬಂದಿಗೆ ಬಂತು. ಪ್ರತಿ ಪ್ರಯಾಣದ ಮೊದಲ ದಿನದ ವಾಂತಿ ಮಾತ್ರ ತಪ್ಪಲಿಲ್ಲ. ಪ್ರೆಶರ್ ಕುಕ್ಕರಿನಲ್ಲಿ ಬ್ರೆಡ್ ಬೇಯಿಸುವುದು, ಉಪ್ಪುನೀರಿನಲ್ಲಿ ಪಾತ್ರೆ ತೊಳೆಯುವುದು, ಮಡಿಚುವ ಮೇಜಿನ ಮೇಲೆ ಮಗಳಿಗೆ ಪಾಠ ಹೇಳುವುದು ಎಲ್ಲವೂ ರೂಢಿಯಾಯಿತು. ಜಗಳವಾದರೆ ದಡಾರನೆ ಹಾಕಿಕೊಂಡು ಹೋಗಲು ದೋಣಿಯಲ್ಲಿ ಬಾಗಿಲಿರಲಿಲ್ಲ. ಒಬ್ಬರು ಮುಂದಿನ ತುದಿಗೆ, ಇನ್ನೊಬ್ಬರು ಹಿಂದಿನ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಿದ್ದರು. ನಡುವೆ ಎನೋರಾ ಓಡಾಡಿ, ಊಟ ಯಾವಾಗ ಎಂದು ಇಬ್ಬರನ್ನೂ ಕೇಳಿ ಬರುತ್ತಿದ್ದಳು. ಲಂಗರು ಹಾಕಿದ ಕಡೆಯಲ್ಲೆಲ್ಲ ಅನ್ನಾಯಿಗ್ ಕತ್ತರಿ ಹಿಡಿದು ದಡಕ್ಕೆ ಹೋಗುವಳು. ತಲೆ ಒಪ್ಪ ಮಾಡಿಸಿಕೊಂಡವರು ಮೊಟ್ಟೆಯನ್ನೋ ದೀವಿಹಲಸನ್ನೋ ಕೊಡುತ್ತಿದ್ದರು.

ಮಗಳು ಹತ್ತರ ಹುಡುಗಿಯಾಗಿದ್ದಾಗ ಆ ಘಟನೆ ನಡೆಯಿತು. ಹವಳದ ಬಳೆಯಂಥ ದ್ವೀಪ. ಒಳಗಿನ ತಿಳಿನೀರಿಗೆ ಹೋಗಲು ಇದ್ದದ್ದು ಒಂದೇ ಕಿಂಡಿ. ಇಳಿತದ ಹೊತ್ತಿಗೆ ಒಳಗಿನ ನೀರೆಲ್ಲ ಆ ಕಿಂಡಿಯಿಂದ ಹೊಳೆಯಂತೆ ಹೊರನುಗ್ಗುತ್ತದೆ. ಅದು ನಿಲ್ಲುವವರೆಗೆ ಕಾಯೋಣವೆಂದು ಅನ್ನಾಯಿಗ್ ಹೇಳಿದಳು. ಈಗಾಗಲೇ ನಿಂತಿದೆ ಎಂದ ಗುಲ್ವೆನ್. ನಿಂತಿರಲಿಲ್ಲ. ಕಿಂಡಿಯ ಬಾಯಲ್ಲಿ ಹಿಂದಿನಿಂದ ಅಲೆಯೊಂದು ಎತ್ತಿ ಹಾಕಿತು, ದೋಣಿ ಓರೆಯಾಯಿತು, ಹಾಯಿಯ ಅಡ್ಡಮರ ರಭಸದಿಂದ ತಿರುಗಿ ಗುಲ್ವೆನ್‌ನ ಭುಜಕ್ಕೆ ಬಡಿಯಿತು. ಅವನು ಬಿದ್ದ. ಚುಕ್ಕಾಣಿ ತಾನೇ ತಾನಾಗಿ ಓಲಾಡಿತು.

ಬಯಲು ಸಮುದ್ರದಲ್ಲಿ ಅವಳು ಚುಕ್ಕಾಣಿ ಹಿಡಿದದ್ದುಂಟು. ಕಿಂಡಿಯಲ್ಲಿ ಎಂದೂ ಇಲ್ಲ. ಈಗ ಹಿಡಿದಳು. ಬಿದ್ದಲ್ಲಿಂದಲೇ ಗುಲ್ವೆನ್ ತಿರುಗಿಸು, ತಿರುಗಿಸು ಎನ್ನುತ್ತಿದ್ದ. ಅಡ್ಡ ತಿರುಗಿಸಿದರೆ ಮುಂದಿನ ಅಲೆ ಮಗುಚಿ ಹಾಕುವುದೆಂದು ಅವಳಿಗೆ ಕಾಣುತ್ತಿತ್ತು, ದೋಣಿಯನ್ನು ನೇರವಾಗಿಯೇ ನಡೆಸಿದಳು. ನೀರಡಿಯ ಹವಳದ ಬಂಡೆಗಳ ಮೇಲೆ ಕಣ್ಣಿಡಲೆಂದು ಹಾಯಿಯ ಕಂಬ ಹತ್ತಿದ್ದ ಎನೋರಾ ಮೇಲಿನಿಂದ ಕೂಗಿದಳು: “ಎಡಕ್ಕಮ್ಮಾ. ಇನ್ನೂ ಎಡಕ್ಕೆ. ಬಲಗಡೆ ನೀರು ಕಂದು ಬಣ್ಣ, ಬಂಡೆ ಇದೆ.”

ಕಿಂಡಿ ದಾಟಲೆಂದು ಹಚ್ಚಿದ್ದ ಎಂಜಿನ್ ಪೂರ್ತಿ ಓಡುತ್ತಿದ್ದರೂ ದಡದ ತೆಂಗಿನಮರ ಇದ್ದಲ್ಲೇ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅದು ಒಂದಿಷ್ಟು ಹಿಂದೆ ಸರಿಯಿತು, ಇನ್ನಷ್ಟು ಸರಿಯಿತು. ಒಳಗೆ ಬಂದು ಲಂಗರು ಬಿದ್ದ ಮೇಲೆಯೇ ಅವಳು ಚುಕ್ಕಾಣಿ ಬಿಟ್ಟದ್ದು.

ಗುಲ್ವೆನ್‌ನ ಭುಜದ ಎಲುಬು ಮುರಿದಿತ್ತು. ಅದು ಕೂಡುವವರೆಗೆ ರುಯಿತಾ ಎಂಬ ವಿಧವೆ ಅಜ್ಜಿ ತನ್ನ ಅಂಗಳದ ಕೋಣೆ ಬಿಟ್ಟುಕೊಟ್ಟಳು. ಎಲುಬು ಕೂಡಿತು. ಆದರೆ ಹೊರಡುವ ಮಾತೆತ್ತಿದರೆ ಗುಲ್ವೆನ್‌ಗೆ ಒಂದಲ್ಲ ಒಂದು ಕೆಲಸ ಬಾಕಿ: ಹಾಯಿಗೆ ತೇಪೆ ಹಾಕಬೇಕು, ಪಂಪು ಬಿಚ್ಚಬೇಕು, ಅಜ್ಜಿಯ ದೋಣಿಯ ಹಲಗೆ ಬದಲಿಸಬೇಕು. ಅವನಿಗಿಂತ ಮೊದಲು ಅನ್ನಾಯಿಗ್‌ಗೆ ಅರ್ಥವಾಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ಅವನ ಕೂದಲು ಕತ್ತರಿಸುತ್ತ ಹೇಳಿದಳು.

“ನಿಂಗೆ ಭಯ ಹತ್ತಿದೆ.”

“ಕತ್ತರಿ ಕೈಲಿಟ್ಕೊಂಡು ಇಂಥ ಮಾತಾಡ್ತಾರಾ?”

“ತಲೆ ಆಡಿಸ್ಬೇಡ. ಹೌದೋ ಅಲ್ವೋ ಹೇಳು.”

ಅವನು ಹೆಗಲ ಮೇಲಿನ ಕೂದಲು ಕೊಡವಿದ. “ಮಗು ಕಂಬದ ಮೇಲಿತ್ತು ಕಣೇ. ನಾನು ತಿರುಗ್ಸು ಅಂದೆ. ನೀನು ಕೇಳಿದ್ದಿದ್ರೆ...” ಎಂದು ನಿಲ್ಲಿಸಿದ. “ವಾಪಸ್ ಹೋಗ್ಬಿಡೋಣ.”

“ಎಲ್ಲಿಗೆ? ಮನೆ ಮಾರಿ ತಾನೆ ಇದನ್ನ ತಗೊಂಡಿದ್ದು.”

ಅವಳಿಗೆ ಕನಿಕರವೂ ಆಯಿತು, ಸಿಟ್ಟೂ ಬಂತು. ತನ್ನನ್ನು ಇಷ್ಟು ದೂರ ಎಳೆದು ತಂದವನು ಈಗ ದಡಕ್ಕೆ ಅಂಟಿಕೊಂಡಿದ್ದಾನೆ. ತಾನೋ, ಕಿಟಕಿಯಾಚೆ ಸ್ಕ್ರಾವಿಕ್ ಕಾಣದಿದ್ದರೆ ನಿದ್ದೆ ಮಾಡುತ್ತಿರಲಿಲ್ಲ. ಅವಳು ಅವನನ್ನು ಒತ್ತಾಯಿಸಲಿಲ್ಲ. ಮುಂದಿನ ವಾರ ಮಗಳನ್ನು ಕರೆದುಕೊಂಡು, ಕತ್ತರಿ ಬಾಚಣಿಗೆ ಕಟ್ಟಿಕೊಂಡು ಪಕ್ಕದ ದ್ವೀಪಕ್ಕೆ ಹೊರಟಳು. ಗುಲ್ವೆನ್ ಕಟ್ಟೆಯ ಮೇಲೆ ನಿಂತು ಹಗ್ಗ ಬಿಚ್ಚಿ ಎಸೆದ. ಅವರು ತಿರುಗಿ ಬರುವವರೆಗೆ ಅವನು ಸರಿಯಾಗಿ ಉಣ್ಣಲಿಲ್ಲವೆಂದು ರುಯಿತಾ ಆಮೇಲೆ ಹೇಳಿದಳು.

ಹಾಗೆಯೇ ಅವರ ಸಂಸಾರ ಸಾಗಿತು. ಅವನು ದಡದಲ್ಲಿ ಊರಿನವರ ದೋಣಿ ರಿಪೇರಿಗೆ ಕೂತ. ಅವಳು ದ್ವೀಪದಿಂದ ದ್ವೀಪಕ್ಕೆ ತಲೆಗಳನ್ನು ಹುಡುಕಿಕೊಂಡು ಹೋದಳು. ರುಯಿತಾ ಅವನನ್ನು ಕಂಡಾಗಲೆಲ್ಲ ಕೆಣಕುವಳು: “ಏನಯ್ಯಾ, ನಮ್ಮಲ್ಲಿ ಗಂಡಸ್ರು ಹೋಗ್ತಾರೆ, ಹೆಂಗಸ್ರು ಕಾಯ್ತಾರೆ. ನಿಂದೇನು ಉಲ್ಟಾ?”

“ಅಡುಗೆನೂ ನಂದೇ ಅಜ್ಜಿ. ಬಾ ಊಟಕ್ಕೆ,” ಎನ್ನುತ್ತಿದ್ದ ಅವನು.

ಎನೋರಾಳನ್ನು ದೊಡ್ಡ ದ್ವೀಪದ ಶಾಲೆಗೆ ಬಿಡಬೇಕಾದ ವರ್ಷ ಅವನೂ ದೋಣಿ ಹತ್ತಿದ. ಯಾರೂ ಕರೆದಿರಲಿಲ್ಲ. ಕಿಂಡಿ ಹತ್ತಿರವಾದಾಗ ದೋಣಿಯ ಒಳಗಿಳಿದು ಒಲೆಯ ಮುಂದೆ ಕೂತ. ಅನ್ನಾಯಿಗ್ ನೀರು ನಿಲ್ಲುವವರೆಗೆ ಕಾದು, ದೋಣಿಯನ್ನು ಹೊರಗೆ ಒಯ್ದಳು. ಬಯಲಿಗೆ ಬಂದ ಮೇಲೆ ಅವನು ಕಾಫಿ ಲೋಟ ಮೇಲಕ್ಕೆ ಚಾಚಿದ. ಅರ್ಧ ಚೆಲ್ಲಿಹೋಗಿತ್ತು. ಅವಳು ತೆಗೆದುಕೊಂಡು, ಪಕ್ಕದಲ್ಲಿ ಅವನಿಗೆ ಜಾಗ ಬಿಟ್ಟಳು.