ಮಡ್‌ಗಾರ್ಡಿನ ಮೇಲೆ ಹಾಸಿದ ಟವೆಲು

ನಿಂಬರ್ಗಾ ಕಡೆ ಟ್ರ್ಯಾಕ್ಟರು ಇನ್ನೂ ಹೊಸದಿದ್ದ ಕಾಲ. ಅದನ್ನು ಜೋಪಾನವಾಗಿ ಓಡಿಸುವುದು ಹೇಗೆಂದು ಹೊಲದಲ್ಲೇ ಪಾಠ ಹೇಳುವುದು ನನ್ನ ನೌಕರಿ. ಅವತ್ತು ತೊಗರಿ ಕೊಯ್ದು ಊರಿಗೆ ಹೊರಟಿದ್ದ ಮುದುಕಿ ಗಂಗಮ್ಮ ಮಡ್‌ಗಾರ್ಡಿನ ಮೇಲೆ ಹತ್ತಿ ಕೂತಿದ್ದಳು. "ಇಳೀಬೇ! ಜಾರಿದ್ರ ಗಾಲಿ ಕೆಳಗ ಹೋಗ್ತಿ" ಎಂದು ಎಲ್ಲರೆದುರು ಗದರಿದೆ. ಆಕೆ ಇಳಿದು, ಕುಂಟುತ್ತ ಊರಿನ ದಾರಿ ಹಿಡಿದಳು.

ಪಾಠ ಮುಗಿಯಿತು. "ಬಸ್ ತಪ್ತದ, ಬರ್ರಿ ಸಾಹೇಬ್ರ" ಎಂದು ಹೊಲದ ಮಾಲಕರು ಅದೇ ಮಡ್‌ಗಾರ್ಡಿನ ಮೇಲೆ ಟವೆಲು ಹಾಸಿದರು. ದೊಡ್ಡವರನ್ನು ಕೂಡಿಸುವ ಜಾಗ ಅದು. ಉಬ್ಬಿಹೋಗಿ ಹತ್ತಿ ಕೂತೆ.

ಅರ್ಧ ದಾರಿಯಲ್ಲಿ ಗಂಗಮ್ಮ ಸಿಕ್ಕಳು. ನಾನು ಮುಖ ತಿರುಗಿಸಿದೆ. ಆಕೆ ಬದಿಗೆ ಸರಿದು, "ಗಟ್ಟಿ ಹಿಡ್ಕೋರಿ ಸಾಹೇಬ್ರ, ಬಿದ್ದೀರಿ!" ಎಂದು ಗಾಬರಿಯಿಂದ ಕೂಗಿದಳು.

ಅವತ್ತು ನನ್ನ ಪಾಠವನ್ನು ಮನಸ್ಸಿಟ್ಟು ಕೇಳಿದ್ದವಳು ಆಕೆ ಒಬ್ಬಳೇ.