ಪೂಜೆಗೆ ಕುಳಿತ ರೇಡಿಯಂ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಮೇಷ್ಟರಿಗೆ ಕಷ್ಟ. ಮೇಷ್ಟರಾಗಿದ್ದು ಅಳಿಯನೂ ಆದರೆ ಅಸಾಧ್ಯ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಹೊಗೆ ಕಾರುತ್ತ ಓಡುತ್ತಿದ್ದ ಯುದ್ಧದ ಕಾಲ. ನಾನಾಗ ಕೊಪ್ಪದಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೆಣಸೆ ಊರಿನ ನನ್ನ ಮಾವನ ಬಳಿ ಒಂದು ರೇಡಿಯಂ ಕೈಗಡಿಯಾರವಿತ್ತು. ಬಂದ ನೆಂಟರನ್ನೆಲ್ಲ ಅವರು ಹಾಡಹಗಲೇ ಕತ್ತಲೆಯ ಉಗ್ರಾಣಕ್ಕೆ ಕರೆದೊಯ್ದು, ಮುಳ್ಳು ಹೊಳೆಯುವುದನ್ನು ತೋರಿಸಿದ ಮೇಲೆಯೇ ಕಾಫಿ ಕೊಡಿಸುತ್ತಿದ್ದರು.

ಒಮ್ಮೆ ನವರಾತ್ರಿಯ ಮೊದಲಿಗೆ ಅಲ್ಲಿಗೆ ಹೋದಾಗ ಉಗ್ರಾಣದಲ್ಲಿ ಮಾವನ ದಾಯಾದಿ ಸುಬ್ರಾಯಪ್ಪನವರೂ ಇದ್ದರು. ನನ್ನಂಥ ತೋಟವಿಲ್ಲದ ಸಂಬಳಗಾರನಿಗೆ ಹೆಣ್ಣು ಕೊಟ್ಟದ್ದು ತಪ್ಪೆಂದು ಊರೆಲ್ಲ ಸಾರಿದವರು ಅವರೇ.

"ಇದು ಹೊಳೆದು ಹೊಳೆದು ಕಡೆಗೆ ಎಂತ ಆಗ್ತದೆ?" ಎಂದರು.

"ನಮ್ಮ ಅಳಿಯಂದಿರನ್ನ ಕೇಳು ಮಾರಾಯ, ಅವರಿಗೆ ಗೊತ್ತಿಲ್ಲದ್ದು ಎಂತ ಇದೆ?" ಎಂದುಬಿಟ್ಟರು ಮಾವ.

ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಕತ್ತಲೆಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ. ವಿಜಯದಶಮಿಯ ಊಟಕ್ಕೆ ಬಂದಾಗ ರೇಡಿಯಂನ ವಂಶಾವಳಿಯನ್ನೇ ಒಪ್ಪಿಸುತ್ತೇನೆಂದು ಮಾತು ಕೊಟ್ಟೆ. ನನ್ನ ಮಾನದ ಮಾತು ಹಾಗಿರಲಿ, ನನ್ನನ್ನು ನಂಬಿದ ಮಾವನ ಮಾನ ಹೋಗುವುದು ನನಗೆ ಬೇಡವಾಗಿತ್ತು.

ನಮ್ಮ ಶಾಲೆಯ ಕಪಾಟಿನಲ್ಲಿದ್ದ ಪುಸ್ತಕ ರೇಡಿಯಂ ಪತ್ತೆಯಾಗುವ ಮೊದಲೇ ಅಚ್ಚಾದದ್ದು. ವಾಚನಾಲಯದಲ್ಲಿ ವಿಶ್ವಕೋಶವಿತ್ತು, ಬೇಕಾದ ಸಂಪುಟವನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಶೃಂಗೇರಿಯ ಪಂಡಿತರೊಬ್ಬರು, ಎಲ್ಲವೂ ಪಂಚಭೂತಗಳಲ್ಲಿ ಲಯವಾಗುತ್ತದೆ ಎಂದರು. ತಪ್ಪೆನ್ನಲಾಗದು, ಆದರೆ ಸುಬ್ರಾಯಪ್ಪನವರಿಗೆ ಅಷ್ಟು ಸಾಲದು. ಕೊನೆಗೆ ನರಸಿಂಹರಾಜಪುರದ ಡಾಕ್ಟರೊಬ್ಬರಲ್ಲಿ ದಪ್ಪನೆಯ ರಸಾಯನಶಾಸ್ತ್ರದ ಪುಸ್ತಕವಿದೆಯೆಂದು ತಿಳಿಯಿತು. ಮಹಾನವಮಿಯ ದಿನ ಬಸ್ಸಿನ ಹೊಗೆ ಕುಡಿಯುತ್ತ ಅವರ ಮನೆ ಮುಟ್ಟಿದೆ.

ಪುಸ್ತಕ ಇತ್ತು. ಸರಸ್ವತಿಯ ಪಟದ ಮುಂದೆ ಮಣೆಯ ಮೇಲೆ, ಕುಂಕುಮ ಇಡಿಸಿಕೊಂಡು, ಸೇವಂತಿಗೆ ಮುಡಿದು ಕುಳಿತಿತ್ತು! ಪೂಜೆಗಿಟ್ಟ ಪುಸ್ತಕವನ್ನು ದಶಮಿಯ ಬೆಳಿಗ್ಗೆ ದೇವಿಯ ಉದ್ವಾಸನೆಯಾಗುವವರೆಗೆ ತೆರೆಯುವಂತಿಲ್ಲ. ನಾನೂ ನನ್ನ ಪುಸ್ತಕಗಳನ್ನು ಹಾಗೆಯೇ ಇಟ್ಟು ಬಂದವನು. ಆದರೂ ಊರವರೆಲ್ಲ ಹಾಗೆ ಇಟ್ಟಿರುತ್ತಾರೆಂಬುದು ಬಸ್ಸು ಹತ್ತುವಾಗ ಹೊಳೆಯಲಿಲ್ಲ. ಡಾಕ್ಟರ ತಾಯಿ ನನ್ನ ಕಣ್ಣು ಹೋದ ಕಡೆ ನೋಡಿದರು.

"ಕೈ ಹಾಕಬೇಡಿ ಮೇಷ್ಟ್ರೇ, ದೇವಿ ಕೂತಿದ್ದಾಳೆ. ನಾಳೆ ಓದಿದ್ರಾಯ್ತು. ಈಗ ಊಟಕ್ಕೇಳಿ."

ವರ್ಷವಿಡೀ ಕೈ ಚಾಚಿದರೆ ಸಿಗುವ ಪುಸ್ತಕವನ್ನು ಓದಬೇಕೆಂಬ ಹಸಿವು ಹುಟ್ಟುವುದು ಅದನ್ನು ಮುಟ್ಟಬಾರದ ದಿನವೇ. ಬಹುಶಃ ಹಿರಿಯರು ಈ ಪದ್ಧತಿ ಮಾಡಿದ್ದೇ ಅದಕ್ಕಿರಬೇಕು.

ಮರುದಿನ ಬೆಳಿಗ್ಗೆ ದೇವಿಯನ್ನು ಕಳಿಸಿಕೊಟ್ಟದ್ದಾಯಿತು. ಆಮೇಲೆ ಪುಸ್ತಕದಿಂದ ನಾಲ್ಕು ಸಾಲು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಮೇಷ್ಟರೆಂದು ಆ ಗೌರವ ನನಗೇ ಬಂತು. ಯುರೇನಿಯಂನಿಂದ ಹಿಡಿದು ಓದಿದೆ. ರೇಡಿಯಂನ ಸಂತಾನ ಒಂದು ಅನಿಲ. ಅದರದು ರೇಡಿಯಂ ಎ, ಅದರದು ರೇಡಿಯಂ ಬಿ, ಹೀಗೇ ಸಾಗುತ್ತದೆ. ಹೆಸರಿಡುವುದರಲ್ಲಿ ವಿಜ್ಞಾನಿಗಳೂ ನಮ್ಮವರೇ, ಅಜ್ಜನ ಹೆಸರನ್ನೇ ಸಾಲಾಗಿ ಇಟ್ಟಿದ್ದಾರೆ. ರೇಡಿಯಂನಲ್ಲಿ ಅರ್ಧ ಕಳೆಯಲು ಸುಮಾರು ಸಾವಿರದ ಆರುನೂರು ವರ್ಷ, ಉಳಿದದ್ದರ ಅರ್ಧಕ್ಕೆ ಮತ್ತೆ ಅಷ್ಟೇ. ತಟ್ಟೆಯಲ್ಲಿ ಉಳಿದ ಕೊನೆಯ ಹಪ್ಪಳವನ್ನು ನೆಂಟರು ಸಂಕೋಚದಿಂದ ಅರ್ಧರ್ಧವೇ ಮುರಿದುಕೊಳ್ಳುವಂತೆ, ಇದೂ ಪೂರ್ತಿ ಮುಗಿಯುವುದೇ ಇಲ್ಲ. ಡಾಕ್ಟರ ತಾಯಿ ಎಲ್ಲವನ್ನೂ ಭಕ್ತಿಯಿಂದ ಕೇಳಿ, ವಂಶದ ಕೊನೆಗೆ ಸೀಸ ಬಂದಾಗ ಅಕ್ಷತೆ ಹಾಕಿದರು.

ಮೆಣಸೆಯಲ್ಲಿ ಎಲೆ ಹಾಕಿ ನನಗಾಗಿ ಕಾಯುತ್ತಿದ್ದರು. ಕುಳಿತವನೇ ವಂಶಾವಳಿ ಒಪ್ಪಿಸಿ ಸೀಸಕ್ಕೆ ತಂದು ನಿಲ್ಲಿಸಿದೆ. ಸುಬ್ರಾಯಪ್ಪನವರು ನಕ್ಕುಬಿಟ್ಟರು.

"ಇಷ್ಟೆಲ್ಲ ಹೊಳೆದು ಕಡೆಗೆ ಸೀಸವಾ!"

ಮಾವನ ಮುಖ ಸಪ್ಪಗಾಯಿತು. ನನಗೆ ಬಹಳ ಬೇಸರವಾಯಿತು. ಇನ್ನೊಂದು ಪುಸ್ತಕ ನೋಡಬೇಕಿತ್ತೇನೋ ಅನ್ನಿಸಿತು. ಮಾವ ಗಡಿಯಾರವನ್ನೇ ನೋಡುತ್ತ ಕೇಳಿದರು:

"ಸೀಸ ಆದ್ಮೇಲೆ ಎಂತ ಆಗ್ತದೆ?"

"ಎಂತದೂ ಇಲ್ಲ ಮಾವ. ಅದು ಸೀಸವಾಗೇ ಇರ್ತದೆ."

"ಹಾಗಾದ್ರೆ ಸರಿಯಾಯ್ತು," ಎಂದು ಮಾವ ನೆಟ್ಟಗೆ ಕುಳಿತರು. "ಹೊಳೆಯೋದು ಕರಗ್ತದೆ ಸುಬ್ರಾಯ, ಸೀಸ ನಿಲ್ತದೆ. ನಾನು ಮಗಳನ್ನ ಕೊಡುವಾಗ ನೋಡಿದ್ದೂ ಅದನ್ನೇ."

ಅದು ಹೊಗಳಿಕೆಯೇ ಅಲ್ಲವೇ ಎಂದು ಈಗಲೂ ಆಗಾಗ ಹೆಂಡತಿಯನ್ನು ಕೇಳುತ್ತೇನೆ.

"ಪುಸ್ತಕ ಪೂಜೆಗೆ ಕೂತಿದೆ, ನಾಳೆ ನೋಡಿ ಹೇಳ್ತೇನೆ" ಎನ್ನುತ್ತಾಳೆ.