ಪವಿತ್ರ ಗುರುವಾರದ ಹನ್ನೆರಡು ಗಂಡಸರು

೧೯೯೫ರಲ್ಲಿ ಫ್ಲೇವಿಯಾ ಮೇಡಂ ನಿವೃತ್ತರಾದ ವಾರಕ್ಕೇ ಚರ್ಚ್ ಕಮಿಟಿಯ ಗಂಡಸರು ಅವರ ಮನೆಗೆ ಬಂದು ಕೂತರು. ಹಣಕಾಸು ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಸಾಲದ ಅರ್ಜಿ ತನಿಖೆ ಮಾಡಿದ ಹೆಂಗಸು, ಮದುವೆಯಾಗಿಲ್ಲ, ಲಷ್ಕರ್ ಮೊಹಲ್ಲಾದಲ್ಲಿ ಸ್ವಂತ ಮನೆ. ಇಷ್ಟು ಅನುಕೂಲದ ಭಕ್ತೆ ಇನ್ನೆಲ್ಲಿ ಸಿಗುತ್ತಾಳೆ? ಬಲಿಪೀಠದ ಬಟ್ಟೆ ಒಗೆಯುವುದರಿಂದ ಹಿಡಿದು ಗಂಡನ ಮನೆ ಬಿಟ್ಟು ಬಂದವರಿಗೆ ಬುದ್ಧಿ ಹೇಳುವವರೆಗೆ ಎಲ್ಲವನ್ನೂ ಅವರ ತಲೆಗೆ ಕಟ್ಟಿದರು. ಮಾರ್ಚ್ ಎಂಟರಂದು ಹೆಂಗಸರ ಹಕ್ಕಿನ ಬಗ್ಗೆ ಭಾಷಣ ಮಾಡಲೂ ಬಿಟ್ಟರು. ವರ್ಷಕ್ಕೊಂದು ಭಾಷಣದಿಂದ ಯಾವ ಗಂಡಸಿನ ಊಟವೂ ತಡವಾಗುವುದಿಲ್ಲವಲ್ಲ.

ಮೇಡಂ ಬಗ್ಗೆಯೂ ನನಗೆ ಪೂಜ್ಯಭಾವವಿಲ್ಲ. ಗಂಡ ಅಮಲದಾಸ್ ಒದ್ದನೆಂದು ಇಲವಾಲದ ಹುಡುಗಿ ಕ್ಲಾರಾ ೨೦೦೧ರಲ್ಲಿ ಅಳುತ್ತ ಬಂದಾಗ ಕೈಗೊಂದು ಜಪಸರ ಕೊಟ್ಟು, "ಹೊಂದಿಕೊಂಡು ಹೋಗಮ್ಮ" ಎಂದು ವಾಪಸ್ ಕಳಿಸಿದವರು ಇವರೇ. ಸಾಲ ಕೇಳಿದವರ ಮನೆಯನ್ನು ಕಣ್ಣಾರೆ ನೋಡದೆ ಸಹಿ ಹಾಕದ ಹೆಂಗಸು ಈ ಒಂದು ಮನೆಗೆ ಹೋಗಿ ನೋಡಲಿಲ್ಲ. ಎರಡು ವರ್ಷ ಕಳೆದು ಕ್ಲಾರಾ ಮತ್ತೆ ಬಂದಳು. ಈ ಸಲ ಪಕ್ಕೆಲುಬು ಮುರಿದಿತ್ತು. ಮೇಡಂ ಅವಳನ್ನು ತಮ್ಮಲ್ಲೇ ಇಟ್ಟುಕೊಂಡರು.

ಕಮಿಟಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಪಕ್ಕೆಲುಬು ಮುರಿದಾಗ ಆ ಪ್ರಶ್ನೆ ಎದ್ದಿರಲಿಲ್ಲ. ಅಧ್ಯಕ್ಷ ಚೌರಪ್ಪ ಒಂದು ಉಪಾಯ ಹೂಡಿದರು. ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಹನ್ನೆರಡು ಗಂಡಸರ ಕಾಲು ತೊಳೆದು ಮುತ್ತಿಡುವುದು ಪದ್ಧತಿ. ಆ ಪಟ್ಟಿಗೆ ಅಮಲದಾಸನನ್ನು ಸೇರಿಸಿ ಮೇಡಂ ಮನೆಗೆ ಬಂದರು.

"ಕಾಲು ತೊಳ್ಸ್ಕೊಂಡ್ರೆ ಎಲ್ಲಾ ಮುಗೀತು ಕಣ್ರೀ ಮೇಡಂ. ಪೂಜೆ ಆದ್ಮೇಲೆ ಜನ್ರ ಎದ್ರಿಗೇ ಕ್ಲಾರಾನ ಕರ್ಕೊಂಡೋಗ್ತಾನೆ. ಅವ್ಳಪ್ಪನೂ ಒಪ್ಪವ್ರೆ."

"ಯಾವ ಕಾಲು ತೊಳೀತಾರೆ, ಚೌರಪ್ಪನೋರೆ?"

"ಬಲಗಾಲು. ಯಾಕೆ?"

"ಒದ್ದಿದ್ದೂ ಅದೇ."

"ನೀವು ಮದ್ವೆ ಆಗಿದ್ರೆ ಹಿಂಗ್ ಮಾತಾಡ್ತಿರ್ಲಿಲ್ಲ ಬುಡಿ."

"ಆಗಿದ್ರೆ ನಾನೂ ಪಕ್ಕೆ ಹಿಡ್ಕೊಂಡು ಕೂತಿರ್ತಿದ್ದೆ."

ಮೇಡಂ ಫಾದರ್ ಬಳಿ ಹೋದರೆ, ಅವರು "ಪಟ್ಟಿ ಕಮಿಟಿದು, ನಾನು ಕೈ ಹಾಕಲ್ಲ" ಎಂದರು. ಆಗ ಮೇಡಂ ಹಳೆಯ ಕಸುಬಿಗೆ ಇಳಿದರು. ಪಟ್ಟಿಯಲ್ಲಿದ್ದ ಉಳಿದ ಹನ್ನೊಂದು ಮನೆಗೂ ಹೋದರು. ಗಂಡಸರನ್ನು ಮಾತಾಡಿಸಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಕ್ಲಾರಾಳ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಿಮ್ಮೋರ ಪಕ್ಕ ಕೂರೋನು ಮಾಡಿರೋದು ಇದು."

ಒಬ್ಬಾಕೆ ತುಂಬ ಹೊತ್ತು ನೋಡಿ, "ನಂದೂ ತೆಗ್ಸಿದ್ರೆ ಇಂಥದ್ದೇ ಒಂದು ಸಿಕ್ತದೆ" ಎಂದಳಂತೆ. ಇನ್ನೊಬ್ಬಾಕೆ, "ಅವತ್ತಿಗೆ ನಮ್ಮೋರ ಬಿಳಿ ಪಂಚೆ ಇಸ್ತ್ರಿ ಮಾಡೋಳು ನಾನೇ ತಾನೆ? ನೋಡ್ಕೋತೀನಿ ಬುಡಿ" ಎಂದಳು.

ಗುರುವಾರ ಸಂಜೆ ಬಲಿಪೀಠದ ಮುಂದೆ ಹನ್ನೆರಡು ಕುರ್ಚಿ. ಕೂತಿದ್ದವನು ಅಮಲದಾಸ್ ಒಬ್ಬನೇ. ಉಳಿದವರಲ್ಲಿ ಒಬ್ಬನಾದರೂ, "ಹೆಂಡತಿಯ ಪಕ್ಕೆಲುಬು ಮುರಿದವನ ಜೊತೆ ಕೂರಲ್ಲ" ಎಂದು ಬಾಯಿಬಿಟ್ಟು ಹೇಳಿದನೇ? ಇಲ್ಲ. ಒಬ್ಬನಿಗೆ ಕಾಲು ಉಳುಕು, ಇಬ್ಬರಿಗೆ ಜ್ವರ, ಮಿಕ್ಕವರಿಗೆಲ್ಲ ಊರಲ್ಲಿ ಅರ್ಜೆಂಟ್ ಕೆಲಸ. ಒಳ್ಳೆಯದನ್ನೂ ಕಳ್ಳರ ಹಾಗೆ ಮಾಡುವ ಗಂಡುಜಾತಿ ನಮ್ಮದು. ಫಾದರ್ ಖಾಲಿ ಕುರ್ಚಿಗಳನ್ನು ನೋಡಿದರು. ನೀರಿನ ಬಟ್ಟಲು ಕೆಳಗಿಟ್ಟು ಮುಂದಿನ ಪ್ರಾರ್ಥನೆ ಶುರು ಮಾಡಿದರು.

ಪೂಜೆ ಮುಗಿದ ಮೇಲೆ ಅಮಲದಾಸ್ ಬರಿಗಾಲಲ್ಲೇ ಕ್ಲಾರಾ ಕೂತಿದ್ದ ಬೆಂಚಿಗೆ ಬಂದ. "ನಡಿಯೇ, ಹೋಗಣ."

ಮೇಡಂ ಎದ್ದರು. ಕ್ಲಾರಾ ಅವರ ಕೈ ಹಿಡಿದು ಕೂರಿಸಿದಳು. ಗಂಡನಿಗೆ, "ಬರಲ್ಲ. ತೊಳ್ದಿದ್ರೂ ಬರ್ತಿರ್ಲಿಲ್ಲ" ಎಂದಳು. ಅವಳಪ್ಪ ನೆಲ ನೋಡುತ್ತ ನಿಂತಿದ್ದರು.

ಈಸ್ಟರ್ ಮುಗಿದದ್ದೇ ಕಮಿಟಿ ಶಿಸ್ತಿನ ಹೆಸರಲ್ಲಿ ಮೇಡಂ ಅವರನ್ನು ಎಲ್ಲ ಸೇವೆಯಿಂದ ಬಿಡಿಸಿತು. ಬಲಿಪೀಠದ ಬಟ್ಟೆ ಒಗೆಯಲು ಮಾತ್ರ ಯಾವ ಗಂಡಸೂ ಮುಂದೆ ಬರಲಿಲ್ಲ. ಮರುವರ್ಷದ ಪಟ್ಟಿಯಲ್ಲಿ ಅಮಲದಾಸ್ ಮತ್ತೆ ಇದ್ದ. ಮೇಡಂ ಅದನ್ನು ಓದಿ, ಮನೆಗೆ ಬಂದು ಕ್ಲಾರಾಳಿಗೆ ಹೇಳಿದರು.

"ತೊಳ್ಸ್ಕೊಳ್ಲಿ ಬುಡಿ ಮೇಡಂ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯ ಆಯಾ ಕೆಲಸಕ್ಕೆ ಹೊರಟಳು.